ಕಾಗದದ ಮೇಲುಳಿದ ಸತ್ಯ

ಮುಂಗಾರಿನ ಮೊದಲ ಮಳೆ ಬಿದ್ದ ಮರುದಿನ ದಾವಣಗೆರೆಯಿಂದ ಹರಿಹರಕ್ಕೆ ಹೋಗುವವರಿಗೆ ದಾರಿಯುದ್ದಕ್ಕೂ ಜೊತೆಯಾಗುವುದು ಕಪ್ಪೆಗಳ ಕೂಗು. ಭದ್ರಾ ನಾಲೆಯ ನೀರುಂಡ ಗದ್ದೆಗಳ ಅಂಚಿನಲ್ಲಿ, ಮಳೆನೀರು ನಿಂತ ಹೊಂಡಗಳಲ್ಲಿ, ಲೋಳೆಯೊಳಗೆ ಹುದುಗಿದ ಸಾಸಿವೆಯ ಕಾಳುಗಳಂತೆ ಅವುಗಳ ಮೊಟ್ಟೆಗಳು ತೇಲುತ್ತಿರುತ್ತವೆ. ಕೆಲವು ದಿನ ಕಳೆದರೆ ಅದೇ ಹೊಂಡದಲ್ಲಿ ಗೊದಮೊಟ್ಟೆಗಳು ಬಾಲವಾಡಿಸುತ್ತಿರುತ್ತವೆ. ಜಡವೆಂದು ತೋರುವ ಆ ಕಾಳಿಗೆ ಚೈತನ್ಯವನ್ನು ಕೊಟ್ಟುದು ಯಾವುದು? ನಾವು ನೋಡಿಯೂ ಕೇಳದೆ ಬಿಡುವ ಈ ಪ್ರಶ್ನೆಯನ್ನು ಹಿಡಿದು, ಹದಿನೆಂಟನೆಯ ಶತಮಾನದ ಇಟಲಿಯಲ್ಲಿ ಒಬ್ಬ ಪಾದ್ರಿ ಕಪ್ಪೆಗಳ ಬೆನ್ನು ಹತ್ತಿದನು. ಅವನೇ ಲಾಜರೋ ಸ್ಪಲಂಜಾನಿ. ಪ್ರಾಣಿಗಳ ಗರ್ಭೋತ್ಪತ್ತಿಯ ಶಾಸ್ತ್ರವನ್ನು ತರ್ಕದ ಮಂಟಪದಿಂದ ಪ್ರಯೋಗದ ಅಂಗಳಕ್ಕೆ ಇಳಿಸಿದವರಲ್ಲಿ ಆತನ ಹೆಸರು ಮೊದಲು ಬರುತ್ತದೆ. ಸತ್ಯವನ್ನು ಕೈಯಲ್ಲಿ ಹಿಡಿದೂ ಅದನ್ನು ಗುರುತಿಸದೆ ಹೋದ ದುರ್ದೈವವೂ ಅವನದೇ.

ಸ್ಪಲಂಜಾನಿ ಹುಟ್ಟಿದುದು 1729ರ ಜನವರಿ 12ರಂದು, ಉತ್ತರ ಇಟಲಿಯ ಸ್ಕಾಂಡಿಯಾನೊ ಎಂಬ ಚಿಕ್ಕ ಊರಿನಲ್ಲಿ. ತಂದೆ ವಕೀಲ, ಮಗನೂ ವಕೀಲನಾಗಲೆಂದು ನ್ಯಾಯಶಾಸ್ತ್ರದ ಓದಿಗಾಗಿ ಬೊಲೋನ್ಯ ನಗರಕ್ಕೆ ಕಳುಹಿಸಿದನು. ಅಲ್ಲಿ ಅವನ ಬಂಧುವಾದ ಲಾರಾ ಬಾಸ್ಸಿ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕಿಯಾಗಿದ್ದಳು. ಹೆಣ್ಣುಮಕ್ಕಳಿಗೆ ವಿದ್ಯಾಪೀಠದ ಬಾಗಿಲೇ ಮುಚ್ಚಿದ್ದ ಆ ಕಾಲದಲ್ಲಿ ಆಕೆ ಭೌತವಿಜ್ಞಾನದ ಪಾಠ ಹೇಳುತ್ತಿದ್ದಳೆಂಬುದು ಸಾಮಾನ್ಯ ಸಂಗತಿಯಲ್ಲ. ಆಕೆಯ ಸಹವಾಸದಿಂದ ತರುಣನ ಮನಸ್ಸು ಕಾನೂನಿನಿಂದ ಪ್ರಕೃತಿಯತ್ತ ಹೊರಳಿತು. ಮುಂದೆ ದೀಕ್ಷೆ ಪಡೆದು ಪಾದ್ರಿಯಾದನು. ರೆಜ್ಜೊ ಎಂಬಲ್ಲಿ ತರ್ಕವನ್ನೂ ಗ್ರೀಕ್ ಭಾಷೆಯನ್ನೂ ಕಲಿಸಿದನು. ಹೋಮರನ ಇಲಿಯಡ್ ಕಾವ್ಯದ ಇಟಾಲಿಯನ್ ಅನುವಾದವೊಂದನ್ನು ಕುರಿತು 1760ರಲ್ಲಿ ವಿಮರ್ಶೆಯನ್ನೂ ಬರೆದನು. ಭಾಷೆಯ ಪಾಠ ಹೇಳುವ ನಮ್ಮಂಥವರಿಗೆ ಈ ವಿವರ ಹಿತವಾಗಿದೆ. 1763ರಲ್ಲಿ ಮೊಡೆನಾ ನಗರಕ್ಕೂ, 1769ರಲ್ಲಿ ಪಾವಿಯಾ ವಿಶ್ವವಿದ್ಯಾನಿಲಯಕ್ಕೂ ಹೋದನು. ಕೊನೆಯವರೆಗೂ ಪಾವಿಯಾ ಅವನ ಕರ್ಮಭೂಮಿಯಾಯಿತು.

ಆಗಿನ ವಿದ್ವಾಂಸರಲ್ಲಿ ಗರ್ಭೋತ್ಪತ್ತಿಯನ್ನು ಕುರಿತು ದೊಡ್ಡ ಜಗಳ ನಡೆದಿದ್ದಿತು. 1677ರಲ್ಲಿ ಹಾಲೆಂಡಿನ ಲೇವನ್‌ಹುಕ್ ಎಂಬವನು ತಾನೇ ಉಜ್ಜಿ ಮಾಡಿದ ಮಸೂರದ ಕೆಳಗೆ ವೀರ್ಯವನ್ನು ನೋಡಿ, ಅದರಲ್ಲಿ ಬಾಲವುಳ್ಳ ಅಸಂಖ್ಯಾತ ಸೂಕ್ಷ್ಮಜೀವಿಗಳು ಈಜುತ್ತಿರುವುದನ್ನು ಕಂಡಿದ್ದನು. ಮುಂದಿನ ಶಿಶು ಆ ಜೀವಿಯೊಳಗೇ ಅಡಗಿದೆಯೆಂದು ಒಂದು ಪಕ್ಷ. ಅಲ್ಲ, ಅದು ತಾಯಿಯ ಅಂಡದೊಳಗೆ ಆಗಲೇ ರೂಪುಗೊಂಡು ಮಲಗಿದೆಯೆಂದು ಇನ್ನೊಂದು ಪಕ್ಷ. ಜಿನೀವಾದ ಪಂಡಿತ ಬೊನ್ನೆ ಅಂಡಪಕ್ಷದ ಮುಖಂಡ. ಸ್ಪಲಂಜಾನಿ ಅವನ ಗ್ರಂಥವನ್ನು ಅನುವಾದಿಸಿದವನು, ಅವನ ಆಪ್ತ ಮಿತ್ರ. ಆದುದರಿಂದ ತಾನೂ ಅಂಡಪಕ್ಷವನ್ನೇ ಹಿಡಿದನು. ವೀರ್ಯದ ಜೀವಿಗಳು ಕೇವಲ ಪರೋಪಜೀವಿ ಹುಳುಗಳೆಂದೂ, ದ್ರವವೇ ಅಂಡವನ್ನು ಎಚ್ಚರಿಸುತ್ತದೆಂದೂ ಅವನು ನಂಬಿದನು.

ನಂಬಿಕೆ ಏನೇ ಇರಲಿ, ಅವನ ಕೈ ಪ್ರಾಮಾಣಿಕವಾಗಿದ್ದಿತು. ಹೆಣ್ಣುಕಪ್ಪೆ ಮೊಟ್ಟೆಯಿಡುವಾಗ ಗಂಡು ಅದನ್ನು ತಬ್ಬಿಕೊಂಡಿರುತ್ತದೆ. ಸ್ಪಲಂಜಾನಿ ಗಂಡುಕಪ್ಪೆಗಳಿಗೆ ನೀರಿಳಿಯದ ರೇಷ್ಮೆಬಟ್ಟೆಯ ಚಡ್ಡಿಗಳನ್ನು ಹೊಲಿಸಿ ತೊಡಿಸಿದನು. ಫ್ರಾನ್ಸಿನ ರೆಯೊಮ್ಯೂರ್ ಮೊದಲೇ ಮಾಡಿ ಫಲ ಕಾಣದಿದ್ದ ಉಪಾಯವಿದು. ಕೇಳಿದವರು ನಕ್ಕಿರಬಹುದು. ಆದರೆ ಚಡ್ಡಿ ತೊಟ್ಟ ಗಂಡುಗಳೊಡನಿದ್ದ ಹೆಣ್ಣುಗಳ ಮೊಟ್ಟೆ ಒಂದೂ ಮರಿಯಾಗಲಿಲ್ಲ. ಚಡ್ಡಿಯಲ್ಲಿ ಉಳಿದ ಹನಿಗಳನ್ನು ಬೇರೆ ಮೊಟ್ಟೆಗಳಿಗೆ ಸೋಕಿಸಿದಾಗ ಅವು ಬೆಳೆದು ಗೊದಮೊಟ್ಟೆಗಳಾದವು. ವೀರ್ಯದ ಆವಿಯೊಂದೇ ಸಾಕೆನ್ನುವವರೂ ಇದ್ದರು. ಅವನು ಕೆಳಗಿನ ಗಾಜಿನ ಬಟ್ಟಲಲ್ಲಿ ವೀರ್ಯವನ್ನೂ ಮೇಲಿನದರಲ್ಲಿ ಮೊಟ್ಟೆಗಳನ್ನೂ ಇಟ್ಟು ನೋಡಿದನು. ಆವಿಯಿಂದ ಏನೂ ಆಗಲಿಲ್ಲ. ಸ್ಪರ್ಶ ಅವಶ್ಯವೆಂಬುದು ಸ್ಥಿರಪಟ್ಟಿತು.

ಮುಂದಿನ ಪ್ರಯೋಗವೇ ಈ ಜೀವನದ ತಿರುಳು. ನೀರಿನಲ್ಲಿ ಬೆರೆಸಿದ ವೀರ್ಯವನ್ನು ಅವನು ಶಾಯಿ ಹೀರುವ ಕಾಗದದ ಮೂಲಕ ಸೋಸಿದನು. ಕಾಗದದ ಪದರಗಳು ಹೆಚ್ಚಿದಂತೆಲ್ಲ ಕೆಳಗಿಳಿದ ದ್ರವದ ಶಕ್ತಿ ಕುಂದುತ್ತ ಬಂದು, ಕೊನೆಗೆ ಅದು ಬರಿಯ ನೀರಿನಂತೆ ನಿಷ್ಫಲವಾಯಿತು. ಕಾಗದದ ಮೇಲೆ ಉಳಿದುದನ್ನು ಶುದ್ಧಜಲದಲ್ಲಿ ತೊಳೆದು ಮೊಟ್ಟೆಗಳಿಗೆ ಸೋಕಿಸಿದನು, ಅವು ಫಲಿಸಿದವು. ಕಾಗದದ ಮೇಲೆ ಉಳಿದುದು ಯಾವುದು? ಅವನು ಹುಳುಗಳೆಂದು ಕಡೆಗಣಿಸಿದ ಆ ಜೀವಕಣಗಳೇ. ಉತ್ತರ ಕಣ್ಣೆದುರಿಗಿದ್ದಿತು. ಆದರೆ ಹುಳುಗಳಿಲ್ಲದ ದ್ರವದಿಂದಲೂ ಮೊಟ್ಟೆ ಫಲಿಸಿತೆಂದು ಬೇರೊಂದು ಪ್ರಯೋಗದಲ್ಲಿ ಅವನು ತಪ್ಪಾಗಿ ಭಾವಿಸಿದ್ದನು. ಕಾಗದದ ಸಾಕ್ಷಿಯನ್ನು ಒಪ್ಪದೆ ಹಳೆಯ ಮತಕ್ಕೇ ಅಂಟಿಕೊಂಡನು.

ಕಪ್ಪೆಯಲ್ಲಿ ಸಾಧಿಸಿದುದನ್ನು ಸಸ್ತನಿಯಲ್ಲಿಯೂ ಸಾಧಿಸಬೇಕೆಂದು 1780ರ ಸುಮಾರಿಗೆ ಒಂದು ಹೆಣ್ಣುನಾಯಿಯನ್ನು ಪ್ರತ್ಯೇಕವಾಗಿ ಕೂಡಿಹಾಕಿ, ಬೆದೆಗೆ ಬಂದಾಗ ಮೈಯ ಕಾವಿನಷ್ಟೇ ಬೆಚ್ಚಗಿದ್ದ ಪಿಚಕಾರಿಯಿಂದ ವೀರ್ಯವನ್ನು ಗರ್ಭಕ್ಕೆ ಸೇರಿಸಿದನು. 62 ದಿನಗಳ ಮೇಲೆ ಅದು ಮೂರು ಮರಿಗಳನ್ನು ಈಯಿತು. ಅವು ತಾಯಿಯನ್ನಷ್ಟೇ ಅಲ್ಲ, ತಂದೆಯನ್ನೂ ಹೋಲುತ್ತಿದ್ದವು. ಎಲ್ಲವೂ ಅಂಡದಲ್ಲಿಯೇ ಸಿದ್ಧವಾಗಿದ್ದರೆ ತಂದೆಯ ಹೋಲಿಕೆ ಬಂದುದೆಂತು? ಆ ಮರಿಗಳ ಮುಖವೂ ಅವನ ಮತಕ್ಕೆ ಎದುರುಸಾಕ್ಷಿಯಾಗಿದ್ದಿತು.

ಇದನ್ನು ನೋಡಿ ಅವನನ್ನು ಹಟಮಾರಿಯೆಂದು ತಳ್ಳುವುದು ಅನ್ಯಾಯವಾದೀತು. ಕುದಿಸಿ ಮುಚ್ಚಿಟ್ಟ ಸಾರಿನಲ್ಲಿ ಜೀವಿಗಳು ತಾವಾಗಿ ಹುಟ್ಟುವುದಿಲ್ಲವೆಂದು 1765ರಲ್ಲಿ ತೋರಿಸಿದವನೂ, ಕಣ್ಣಿಲ್ಲದೆಯೂ ಬಾವಲಿ ಅಡೆತಡೆಗಳಿಗೆ ತಾಗದೆ ಹಾರಬಲ್ಲದೆಂದು ಕಂಡುಕೊಂಡವನೂ, ಜೀರ್ಣಕ್ರಿಯೆಯನ್ನು ಅರಿಯಲು ಆಹಾರ ತುಂಬಿದ ಬಟ್ಟೆಯ ಚೀಲಗಳನ್ನು ತಾನೇ ನುಂಗಿದವನೂ ಇವನೇ. ಅವನು ಕಾನ್‌ಸ್ಟಾಂಟಿನೋಪಲ್ ಪ್ರವಾಸದಲ್ಲಿದ್ದಾಗ, ವಸ್ತುಸಂಗ್ರಹಾಲಯದ ವಸ್ತುಗಳನ್ನು ಕದ್ದನೆಂದು ಸಹೋದ್ಯೋಗಿಗಳು ಅಪವಾದ ಹೊರಿಸಿದರು. ವಿಚಾರಣೆಯಾಗಿ 1787ರಲ್ಲಿ ನಿರ್ದೋಷಿಯೆನಿಸಿದನು. 1799ರ ಫೆಬ್ರುವರಿ 11ರಂದು ಪಾವಿಯಾದಲ್ಲಿ ತೀರಿಕೊಂಡನು.

ಅವನು ಮಾಡಿದ ದೊಡ್ಡ ಉಪಕಾರವೆಂದರೆ ತನ್ನ ಮತಕ್ಕೆ ಹೊಂದದ ಫಲಿತಾಂಶವನ್ನೂ ಮುಚ್ಚಿಡದೆ ಬರೆದಿಟ್ಟುದು. 1824ರಲ್ಲಿ ಪ್ರೆವೊ ಮತ್ತು ಡ್ಯೂಮಾ ಅದೇ ಸೋಸುವ ಪ್ರಯೋಗವನ್ನು ಮತ್ತೆ ಮಾಡಿ, ಫಲಿಸುವ ಶಕ್ತಿ ವೀರ್ಯಾಣುವಿನಲ್ಲಿಯೇ ಇದೆಯೆಂದು ಸಾರಿದರು. 1827ರಲ್ಲಿ ಫಾನ್ ಬೇರ್ ಸಸ್ತನಿಯ ಅಂಡವನ್ನು ಕಂಡನು. 1876ರಲ್ಲಿ ಹರ್ಟ್‌ವಿಗ್ ಕಡಲ ಜೀವಿಯೊಂದರ ಮೊಟ್ಟೆಯಲ್ಲಿ ಎರಡು ಬೀಜಕೇಂದ್ರಗಳು ಕೂಡುವುದನ್ನು ವಿವರಿಸಿದನು. ಸಸ್ತನಿಯ ವೀರ್ಯಾಣು ಹೆಣ್ಣಿನ ಗರ್ಭಮಾರ್ಗದಲ್ಲಿ ಕೆಲವು ಗಂಟೆ ಕಳೆದು ಹದಗೊಂಡಲ್ಲದೆ ಅಂಡವನ್ನು ಹೊಗಲಾರದೆಂಬುದನ್ನು 1951ರಲ್ಲಿ ಚಾಂಗ್ ಮತ್ತು ಆಸ್ಟಿನ್ ಬೇರೆಬೇರೆಯಾಗಿ ಕಂಡುಹಿಡಿದರು.

ನಮ್ಮ ನಾಡಿಗೂ ಈ ಪರಂಪರೆ ದೂರದ್ದಲ್ಲ. ಕಪ್ಪೆಯ ಬಳಗಕ್ಕೆ ಸೇರಿದ, ಕಾಲಿಲ್ಲದೆ ಮಣ್ಣಿನಲ್ಲಿ ಅಡಗಿರುವ ಜೀವಿಗಳ ವೀರ್ಯಾಣುಗಳು ರೂಪುಗೊಳ್ಳುವ ಬಗೆಯನ್ನು ಬಿ. ಆರ್. ಶೇಷಾಚಾರ್ ಅವರು 1936ರಿಂದ ಹಲವು ಲೇಖನಗಳಲ್ಲಿ ವಿವರಿಸಿದರು. 1939ರಲ್ಲಿ ಮೈಸೂರಿನ ಅರಮನೆ ಡೈರಿಯಲ್ಲಿ ಸಂಪತ್ ಕುಮಾರನ್ ಅವರು ಹಳ್ಳಿಕಾರ್ ಹಸುಗಳಿಗೆ ಮಾಡಿದ ಕೃತಕ ಗರ್ಭಧಾರಣೆ ಭಾರತದಲ್ಲಿ ಮೊದಲನೆಯದೆಂದು ಗಣಿತವಾಗಿದೆ. ಹಿಮದಲ್ಲಿಟ್ಟ ವೀರ್ಯಾಣುಗಳು ನಿಶ್ಚಲವಾಗಿ, ಕಾವು ತಾಗಿದೊಡನೆ ಮತ್ತೆ ಚಲಿಸುವುದನ್ನು ಸ್ಪಲಂಜಾನಿ 1776ರಲ್ಲಿಯೇ ಕಂಡಿದ್ದನು. ಇಂದು ಹಳ್ಳಿಯ ಕೊಟ್ಟಿಗೆಗೆ ಹೋರಿಯ ಬದಲು ದ್ರವಸಾರಜನಕದ ಪಾತ್ರೆ ಬರುವಾಗ, ಆ ಪಾದ್ರಿಯ ನೆನಪನ್ನೂ ತರುತ್ತದೆ.

ಹರಿಹರದ ಗುಡಿಯನ್ನು 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವನು ಕಟ್ಟಿಸಿದನು. ಅಲ್ಲಿನ ಮೂರ್ತಿಯ ಬಲದ ಅರ್ಧ ಹರ, ಎಡದ ಅರ್ಧ ಹರಿ. ಗುಹಾಸುರನಿಗೆ ಹರಿಯೊಬ್ಬನಿಂದಾಗಲಿ ಹರನೊಬ್ಬನಿಂದಾಗಲಿ ಸಾವಿಲ್ಲವೆಂಬ ವರವಿದ್ದುದರಿಂದ ಇಬ್ಬರೂ ಒಂದೇ ದೇಹವಾಗಬೇಕಾಯಿತೆಂದು ಸ್ಥಳಪುರಾಣ ಹೇಳುತ್ತದೆ. ಅಂಡವೊಂದನ್ನೇ ಹಿಡಿದವರೂ ವೀರ್ಯಾಣುವೊಂದನ್ನೇ ಹಿಡಿದವರೂ ನೂರೈವತ್ತು ವರ್ಷ ವಾದಿಸಿದರು. ಜೀವದ ಗುಟ್ಟು ಇದ್ದುದು ಎರಡರ ಕೂಡಿಕೆಯಲ್ಲಿ. ಸ್ಪಲಂಜಾನಿ ಒಂದು ಅರ್ಧಕ್ಕೆ ಮಾತ್ರ ಕೈಮುಗಿದನು. ಆದರೂ ಇನ್ನೊಂದು ಅರ್ಧವನ್ನು ಅಳಿಸಿಹಾಕದೆ ಕಾಗದದ ಮೇಲೆ ಉಳಿಸಿಹೋದನು. ಮುಂದೆ ಬಂದವರು ಅದನ್ನು ಓದಿಕೊಂಡರು.