ಕಸದಲ್ಲಿ ಕಾವನ್ನು ಕಂಡ ಆಲ್ಬರ್ಟ್ ಹೋವರ್ಡ್

ಆಲ್ಬರ್ಟ್ ಹೋವರ್ಡರು 1873ರಲ್ಲಿ ಇಂಗ್ಲೆಂಡಿನ ಶ್ರಾಪ್‌ಷೈರ್ ಸೀಮೆಯ ಒಕ್ಕಲು ಮನೆತನದಲ್ಲಿ ಜನಿಸಿದರು. ಕೇಂಬ್ರಿಜ್ಜಿನಲ್ಲಿ ವ್ಯಾಸಂಗ ಮುಗಿಸಿ ವೆಸ್ಟ್ ಇಂಡೀಸಿಗೆ ಹೋಗಿ, ಬೆಳೆಗಳಿಗೆ ತಗಲುವ ಬೂಷ್ಟುರೋಗಗಳನ್ನು ಪರೀಕ್ಷಿಸುವ ಕೆಲಸ ಹಿಡಿದರು. ರೋಗಕ್ಕೆ ಮದ್ದು ಹೇಳುವ ತನಗೆ ಉಳಲು ಒಂದು ತುಂಡು ಹೊಲವೂ ಇಲ್ಲವೆಂಬ ಕೊರಗು ಅವರಿಗೆ ಅಲ್ಲಿಯೇ ಹತ್ತಿತು. 1905ರಲ್ಲಿ ಬಿಹಾರದ ಪೂಸಾಕ್ಕೆ ಬಂದ ಮೇಲೆ ಹೊಲ ಸಿಕ್ಕಿತು. ಸುತ್ತಲಿನ ರೈತರು ಔಷಧಿಯಿಲ್ಲದೆಯೇ ಒಳ್ಳೆಯ ಬೆಳೆ ತೆಗೆಯುವುದನ್ನು ನೋಡಿ ಅವರನ್ನೇ ಗುರುಗಳೆಂದೆಣಿಸಿದರು. ಆಳುವವರ ಕಡೆಯ ಅಧಿಕಾರಿಗೆ ಇದು ಸಣ್ಣ ಮಾತಲ್ಲ.

ಅವರ ಹೆಸರು ನಿಂತದ್ದು ಇಂದೋರಿನಲ್ಲಿ. 1924ರಿಂದ 1931ರವರೆಗೆ ಅಲ್ಲಿದ್ದು, ಯಶವಂತ ವಾಡ್ ಅವರೊಡನೆ ಗೊಬ್ಬರದ ಕ್ರಮವೊಂದನ್ನು ರೂಪಿಸಿದರು. ಹತ್ತಿಯ ಗಟ್ಟಿ ಕಡ್ಡಿಗಳನ್ನು ದಾರಿಗೆ ಹರವಿ ಗಾಡಿಯ ಗಾಲಿಗಳಿಂದ ನುಗ್ಗುಮಾಡಿಸುವರು. ಎಲೆ, ಕಳೆಗಳನ್ನು ದನದ ಕಾಲಡಿಗೆ ಹಾಸುವರು. ಬಳಿಕ ಸಗಣಿ, ಗಂಜಲ ಹೀರಿದ ಮಣ್ಣು, ಬೂದಿಗಳೊಡನೆ ಎಲ್ಲವನ್ನೂ ಎರಡಡಿ ಆಳದ ಗುಂಡಿಗೆ ತುಂಬಿ, ನೀರು ಚಿಮುಕಿಸಿ, ಮೂರು ಬಾರಿ ಮಗುಚುವರು. ಸುಮಾರು ಮೂರು ತಿಂಗಳಿಗೆ ಗೊಬ್ಬರ ಸಿದ್ಧ.

ಹಾಗಾದರೆ ರೋಗ ಬಿದ್ದ ಗಿಡವನ್ನೂ ಬೀಜಗಟ್ಟಿದ ಕಳೆಯನ್ನೂ ಇದಕ್ಕೆ ಹಾಕಬಹುದೇ? ಸುಟ್ಟುಬಿಡಬೇಕೆಂಬುದು ಅಂದಿನ ಶಾಸ್ತ್ರಜ್ಞರ ಮತ. ಬೂಷ್ಟುರೋಗಗಳನ್ನೇ ಓದಿದ ಹೋವರ್ಡರು ಏನನ್ನೂ ಸುಡಲಿಲ್ಲ. ಸೂಕ್ಷ್ಮಜೀವಿಗಳು ಕಸವನ್ನು ತಿನ್ನುವಾಗ ಗುಂಡಿ 60 ಡಿಗ್ರಿ ಸೆಂಟಿಗ್ರೇಡಿನ ಆಚೀಚೆ ಕಾಯುತ್ತದೆ. 55 ಡಿಗ್ರಿಯ ಕಾವು ತೇವದೊಡನೆ ಕೆಲವು ದಿನ ನಿಂತರೆ ಹೆಚ್ಚಿನ ಕಳೆಬೀಜಗಳೂ ಅನೇಕ ರೋಗಾಣುಗಳೂ ಸಾಯುತ್ತವೆ. ಆದರೆ ಅಂಚಿನ ಕಸ ತಣ್ಣಗೇ ಇರುತ್ತದೆ. ಅದನ್ನು ಒಳಕ್ಕೆ ತಳ್ಳುವುದೇ ಮಗುಚುವುದರ ಒಂದು ದೊಡ್ಡ ಲಾಭ.

ನಮ್ಮ ಮನೆಗಳ ಹಿತ್ತಿಲ ತಿಪ್ಪೆಯ ಕಥೆಯೇ ಬೇರೆ. ದಿನಕ್ಕೊಂದು ಹಿಡಿ ಸಿಪ್ಪೆ ಬಿದ್ದರೆ ಕಾವು ಎಲ್ಲಿಂದ ಬರಬೇಕು? ಆ ಗೊಬ್ಬರ ಹಾಕಿದ ಪಾತಿಯಲ್ಲಿ ಬಿತ್ತದ ಟೊಮೇಟೊ, ಕುಂಬಳದ ಸಸಿಗಳು ತಲೆಯೆತ್ತುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಬೀಜ ಬದುಕಿದ ಕಡೆ ರೋಗಾಣುವೂ ಬದುಕಿರಬಹುದೆಂದು ಭಯಪಡುವುದು ನ್ಯಾಯವೇ. ತಂಬಾಕಿನ ಮೊಸಾಯಿಕ್ ರೋಗದ ವೈರಸ್ಸಂತೂ ಚೆನ್ನಾಗಿ ಕಾದ ಗುಂಡಿಯಲ್ಲಿಯೂ ಉಳಿಯಬಲ್ಲ ಹಟಮಾರಿ. ಟೊಮೇಟೊಗೂ ಅದೇ ತಗಲುತ್ತದೆ. ಫಲವತ್ತಾದ ಮಣ್ಣಿನಲ್ಲಿ ಬೆಳೆದ ಗಿಡಕ್ಕೆ ರೋಗದ ಭಯವೇ ಇಲ್ಲವೆನ್ನುವಷ್ಟು ದೂರ ಹೋವರ್ಡರು ಹೋದರು. ಅಷ್ಟನ್ನು ನಾನು ಒಪ್ಪಲಾರೆ. ಗುಂಡಿಯ ಕಾವನ್ನು ಮಾತ್ರ ಒಪ್ಪುತ್ತೇನೆ.

ಸಸ್ಯಶಾಸ್ತ್ರಜ್ಞೆಯೂ ಸಹೋದ್ಯೋಗಿಯೂ ಆಗಿದ್ದ ಪತ್ನಿ ಗೇಬ್ರಿಯೆಲ್ 1930ರಲ್ಲಿ ತೀರಿಕೊಂಡರು. ಮರುವರ್ಷ ಹೋವರ್ಡರು ಸ್ವದೇಶಕ್ಕೆ ಮರಳಿದರು. 1934ರಲ್ಲಿ ಸರ್ ಪದವಿ ಬಂದಿತು. ಈ ನಡುವೆ ನಮ್ಮ ಬೆಂಗಳೂರಿನಲ್ಲಿ, 1939ರಲ್ಲಿ, ಸಿ. ಎನ್. ಆಚಾರ್ಯರು ಪಟ್ಟಣದ ಕಸಕ್ಕೆಂದು ಮಗುಚುವ ಕೆಲಸವಿಲ್ಲದ ಬೇರೊಂದು ಕ್ರಮವನ್ನು ಹೂಡಿದರು. ಅದರಲ್ಲಿ ಕೂಲಿ ಉಳಿಯುತ್ತದೆ, ತಿಂಗಳುಗಳು ಹೆಚ್ಚು ಹಿಡಿಯುತ್ತವೆ. ಅಂಚಿನ ಕಸ ಅಂಚಿನಲ್ಲಿಯೇ ಇರುತ್ತದೆ. ಹೋವರ್ಡರು 1947ರ ಅಕ್ಟೋಬರಿನಲ್ಲಿ ಕಾಲವಾದರು.