ಸರಳರೇಖೆಗೆ ಸಮೀಕರಣ ಕೊಟ್ಟ ನ್ಯಾಯಾಧೀಶ ಫರ್ಮಾ

ಗ್ರಾಫ್ ಹಾಳೆಯ ಮೇಲೆ ಬಿಂದುಗಳನ್ನು ಗುರುತಿಸಿ ಸರಳರೇಖೆ ಎಳೆಯುವುದನ್ನು ಪ್ರೌಢಶಾಲೆಯಲ್ಲಿ ಎಲ್ಲರೂ ಕಲಿತವರೇ. ಈ ವಿದ್ಯೆಗೆ ಜಗತ್ತು ರೆನೆ ಡೇಕಾರ್ಟ್‌ನ ಹೆಸರನ್ನಿಟ್ಟಿದೆ. ಆದರೆ ಎರಡು ಅವ್ಯಕ್ತಗಳ ಮೊದಲ ಘಾತದ ಸಮೀಕರಣವು ಸರಳರೇಖೆಯನ್ನೇ ಸೂಚಿಸುತ್ತದೆ ಎಂದು ಸ್ಪಷ್ಟವಾಗಿ ಬರೆದಿಟ್ಟವನು ಮತ್ತೊಬ್ಬ ಫ್ರೆಂಚ್ ಗಣಿತಜ್ಞ, ಪಿಯರ್ ಡಿ ಫರ್ಮಾ.

17ನೇ ಶತಮಾನದ ಆರಂಭದಲ್ಲಿ ದಕ್ಷಿಣ ಫ್ರಾನ್ಸಿನ ಬೋಮಾಂಟ್ ಪಟ್ಟಣದ ಶ್ರೀಮಂತ ಚರ್ಮದ ವ್ಯಾಪಾರಿಯ ಮನೆಯಲ್ಲಿ ಜನಿಸಿದ ಫರ್ಮಾ, ಓರ್ಲಿಯಾನ್ಸ್‌ನಲ್ಲಿ ಕಾನೂನು ಅಭ್ಯಾಸ ಮಾಡಿದ. 1631ರಲ್ಲಿ ಟೂಲೂಸ್ ನಗರದ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಾಧೀಶನಾದ. ಜೀವನದ ಕೊನೆಯವರೆಗೂ ಅದೇ ಆತನ ವೃತ್ತಿ. ಗಣಿತ ಬಿಡುವಿನ ವೇಳೆಯ ಹವ್ಯಾಸ.

ಪ್ರಾಚೀನ ಗ್ರೀಕ್ ಗಣಿತಜ್ಞ ಅಪೊಲೋನಿಯಸ್‌ನ ಕಳೆದುಹೋದ ಕೃತಿಯೊಂದನ್ನು ಪುನಾರಚಿಸುವ ಪ್ರಯತ್ನವೇ ಫರ್ಮಾನನ್ನು ಹೊಸ ದಾರಿಗೆ ಕರೆತಂದಿತು. ರೇಖೆಯನ್ನು ಬೀಜಗಣಿತದ ಭಾಷೆಯಲ್ಲಿ ಹೇಳಬಹುದೆಂದು ಆತ ಲ್ಯಾಟಿನ್ ಪ್ರಬಂಧವೊಂದರಲ್ಲಿ ತೋರಿಸಿದ. ಡೇಕಾರ್ಟ್‌ನ ರೇಖಾಗಣಿತ ಗ್ರಂಥ 1637ರಲ್ಲಿ ಅಚ್ಚಾಗುವ ಮುನ್ನವೇ ಈ ಪ್ರಬಂಧ ಸಿದ್ಧವಾಗಿತ್ತು.

ಇದರ ಮಹತ್ವವನ್ನು ಇಂದಿನ ಪರಿಭಾಷೆಯಲ್ಲಿ ಸುಲಭವಾಗಿ ತಿಳಿಯಬಹುದು. 10 ಸೆಂ.ಮೀ. ನೀರಿರುವ ತೊಟ್ಟಿಯಲ್ಲಿ ಗಂಟೆಗೆ 3 ಸೆಂ.ಮೀ.ನಂತೆ ನೀರು ಏರುತ್ತಿದೆ ಎಂದುಕೊಳ್ಳೋಣ. ಗಂಟೆಗಳನ್ನು 3ರಿಂದ ಗುಣಿಸಿ 10 ಕೂಡಿಸಿದರೆ ನೀರಿನ ಮಟ್ಟ ದೊರೆಯುತ್ತದೆ. 4 ಗಂಟೆಗಳ ನಂತರ ಅದು 22 ಸೆಂ.ಮೀ. ಈ ಲೆಕ್ಕವನ್ನು ಗ್ರಾಫ್‌ನಲ್ಲಿ ಮೂಡಿಸಿದರೆ ಸರಳರೇಖೆ. 10 ಅದರ ಆರಂಭ, 3 ಅದರ ಇಳಿಜಾರು. ರೇಖೆಯ ಯಾವ ಎರಡು ಬಿಂದುಗಳನ್ನು ಆಯ್ದರೂ ಏರಿಕೆಯನ್ನು ಅಡ್ಡ ಅಂತರದಿಂದ ಭಾಗಿಸಿದಾಗ 3 ಬರುತ್ತದೆ.

ವಕ್ರರೇಖೆಯಲ್ಲಾದರೋ ಇಳಿಜಾರು ಬಿಂದುವಿನಿಂದ ಬಿಂದುವಿಗೆ ಬದಲಾಗುತ್ತದೆ. ಅಲ್ಲಿ ಸ್ಪರ್ಶಕ ಎಳೆಯುವ ವಿಧಾನವನ್ನೂ ಫರ್ಮಾ ಕಂಡುಹಿಡಿದ. ಅತಿ ಸಮೀಪದ ಎರಡು ಬಿಂದುಗಳನ್ನು ಹೋಲಿಸಿ, ಬಳಿಕ ಅವುಗಳ ನಡುವಿನ ಅಂತರವನ್ನು ಕೈಬಿಡುವುದೇ ಅದರ ತಿರುಳು. 1638ರಲ್ಲಿ ಡೇಕಾರ್ಟ್ ಈ ವಿಧಾನವನ್ನು ಕಟುವಾಗಿ ಟೀಕಿಸಿ, ಕ್ಲಿಷ್ಟ ವಕ್ರರೇಖೆಯೊಂದನ್ನು ಸವಾಲಾಗಿ ಮುಂದಿಟ್ಟ. ಫರ್ಮಾ ಅದನ್ನೂ ಬಿಡಿಸಿದ. ಮುಂದೆ ಕಲನಶಾಸ್ತ್ರ ರೂಪಿಸಿದ ಐಸಾಕ್ ನ್ಯೂಟನ್, ಫರ್ಮಾನ ಸ್ಪರ್ಶಕ ವಿಧಾನದಿಂದ ತನಗೆ ಸುಳಿವು ದೊರೆತುದನ್ನು ಬರೆದಿಟ್ಟಿದ್ದಾನೆ.

ಇಷ್ಟಾದರೂ ಕೀರ್ತಿ ಡೇಕಾರ್ಟ್‌ನ ಪಾಲಾಯಿತು. ಕಾರಣ ಸರಳ: ಡೇಕಾರ್ಟ್ ಪುಸ್ತಕ ಅಚ್ಚು ಮಾಡಿಸಿದ, ಫರ್ಮಾ ಮಾಡಿಸಲಿಲ್ಲ. ಪತ್ರ ಮತ್ತು ಹಸ್ತಪ್ರತಿಗಳ ಮೂಲಕ ಗೆಳೆಯರಿಗೆ ತಿಳಿಸುವುದರಲ್ಲೇ ಆತ ತೃಪ್ತನಾಗಿದ್ದ. 1665ರ ಜನವರಿ 12ರಂದು ಕಾಸ್ತ್ರ್ ಪಟ್ಟಣದಲ್ಲಿ ಫರ್ಮಾ ನಿಧನನಾದ. ರೇಖೆಗಳ ಕುರಿತ ಪ್ರಬಂಧ ಅಚ್ಚಿನ ಮುಖ ಕಂಡದ್ದು 1679ರಲ್ಲಿ, ಮಗ ಸ್ಯಾಮುಯೆಲ್‌ನ ಶ್ರಮದಿಂದ. ಅಷ್ಟರಲ್ಲಿ 42 ವರ್ಷಗಳು ಸಂದಿದ್ದವು. ಡೇಕಾರ್ಟ್‌ನ ಗ್ರಂಥ ಯುರೋಪಿನಲ್ಲಿ ಮನೆಮಾತಾಗಿತ್ತು. ಶಾಲೆಯ ಗ್ರಾಫ್ ಹಾಳೆಗೆ ಇಂದಿಗೂ ಉಳಿದಿರುವುದು ಡೇಕಾರ್ಟ್‌ನ ಹೆಸರೇ.