ಜಾವಾಕ್ಕೆ ಅರ್ಧ ಹೆಸರು ಕೊಟ್ಟ ಯಾನೆಚೆಕ್

ನಮ್ಮ ಯಾದವಗಿರಿಯಲ್ಲಿ ತಯಾರಾಗುತ್ತಿದ್ದ ಜಾವಾ ಬೈಕಿಗೂ ಜಾವಾ ದ್ವೀಪಕ್ಕೂ ಸಂಬಂಧವಿಲ್ಲ. ಆ ಹೆಸರಿನ ಅರ್ಧಭಾಗ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಎಂಜಿನಿಯರನದು.

ಯಾನೆಚೆಕ್ 1878ರಲ್ಲಿ ಇಂದಿನ ಚೆಕ್ ದೇಶದ ಹಳ್ಳಿಯೊಂದರಲ್ಲಿ ಹುಟ್ಟಿದರು. ಶಸ್ತ್ರಾಸ್ತ್ರ, ಕೈಬಾಂಬುಗಳ ತಯಾರಿಕೆಯಲ್ಲಿ ಹೆಸರು ಮಾಡಿ ಪ್ರಾಗ್ ನಗರದಲ್ಲಿ ಸ್ವಂತ ಕಾರ್ಖಾನೆ ಹಾಕಿದರು. ಮೊದಲ ಮಹಾಯುದ್ಧ ಮುಗಿದು ವರ್ಷಗಳು ಕಳೆದಂತೆ ಸೈನ್ಯದ ಬೇಡಿಕೆ ಇಳಿಯಿತು. ಯಂತ್ರಗಳಿದ್ದವು, ಕೆಲಸಗಾರರಿದ್ದರು, ಕೆಲಸ ಸಾಲದಾಯಿತು. ಅದೇ ಸಮಯಕ್ಕೆ ಜರ್ಮನಿಯ ವಾಂಡರರ್ ಕಂಪನಿ ಮೋಟಾರ್ ಸೈಕಲ್ ತಯಾರಿಕೆ ಕೈಬಿಡುತ್ತಿತ್ತು. ಅದರ 500 ಸಿಸಿ ಬೈಕಿನ ಹಕ್ಕನ್ನು ಅವರು ಕೊಂಡರು.

1929ರಲ್ಲಿ ಬೈಕಿಗೆ ಹೆಸರಿಡುವಾಗ ತಮ್ಮ ಹೆಸರಿನ ‘ಜೆ, ಎ’ ಜೊತೆಗೆ ವಾಂಡರರ್‌ನ ‘ಡಬ್ಲ್ಯು, ಎ’ ಸೇರಿಸಿದರು. ಹಣ ಕೊಟ್ಟು ಕೊಂಡವರು ಹಳೆಯ ಹೆಸರನ್ನು ಅಳಿಸಿಬಿಡಬಹುದಿತ್ತು; ಅಳಿಸಲಿಲ್ಲ. ಅಂದಹಾಗೆ ಚೆಕ್ ಜನ ಇದನ್ನು ‘ಯಾವಾ’ ಎನ್ನುತ್ತಾರೆ. ಇಂಗ್ಲಿಷ್ ಅಕ್ಷರ ಓದಿದ ನಮಗೆ ಅದು ಜಾವಾ ಆಯಿತು.

ಆ ಮೊದಲ ಬೈಕು ದುಬಾರಿಯಾಗಿತ್ತು. ಕಂಪನಿಯನ್ನು ಉಳಿಸಿದ್ದು 1932ರ ಅಗ್ಗದ 175 ಸಿಸಿ ಬೈಕು. ಬ್ರಿಟಿಷ್ ಎಂಜಿನಿಯರ್ ಜಾರ್ಜ್ ಪ್ಯಾಚೆಟ್ ಅದಕ್ಕೆ ವಿಲಿಯರ್ಸ್ ಎಂಜಿನ್ ಕೂಡಿಸಿದ್ದರು. ಮುಂದೆ ಕಾರುಗಳೂ ಬಂದವು: 1934ರಲ್ಲಿ ‘ಜಾವಾ 700’, 1937ರಲ್ಲಿ ‘ಮೈನರ್’. ಬರೀ ಅಂಕಿ ಇದ್ದ ಕಡೆ ಒಂದು ಹೆಸರು ಬಂದಿತು. ಜರ್ಮನ್ನರು ದೇಶವನ್ನು ಆಕ್ರಮಿಸಿಕೊಂಡಿದ್ದಾಗಲೇ, 1941ರಲ್ಲಿ ಯಾನೆಚೆಕ್ ತೀರಿಕೊಂಡರು. ಯುದ್ಧದ ನಂತರ ಕಾರ್ಖಾನೆ ಸರಕಾರದ ಪಾಲಾಯಿತು, ಹೆಸರು ಮಾತ್ರ ಹಾಗೇ ಉಳಿಯಿತು.

ಅವರು ಸತ್ತು ಇಪ್ಪತ್ತು ವರ್ಷಕ್ಕೆ ಆ ಹೆಸರು ಮೈಸೂರಿಗೆ ಬಂತು. ಜಯಚಾಮರಾಜೇಂದ್ರ ಒಡೆಯರ ಪ್ರೋತ್ಸಾಹದಿಂದ ಇರಾನಿ ಕುಟುಂಬದವರು ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ತೆರೆದರು. ಒಂದೇ ಲಿವರನ್ನು ಒದ್ದರೆ ಸ್ಟಾರ್ಟ್, ಮಡಚಿದರೆ ಗೇರ್. ಆ ಉಪಾಯ ಗೊತ್ತಿಲ್ಲದವರು ಬೈಕನ್ನು ತಳ್ಳಿಕೊಂಡೇ ಹೋಗಬೇಕಿತ್ತು!

1970ರ ದಶಕದಲ್ಲಿ ಟ್ಯಾಂಕಿನ ಮೇಲಿನ ಹೆಸರು ಬದಲಾಗಿ ‘ಯೆಜ್ಡಿ’ ಆಯಿತು. ಅದು ಇರಾನಿನ ಯಜ್ದ್ ನಗರದ ನೆನಪು. ಯಾನೆಚೆಕ್ ಮಾಡಿದ್ದಂತೆ ಇಲ್ಲಿನ ಮಾಲೀಕರೂ ತಮ್ಮ ಮೂಲವನ್ನೇ ಬೈಕಿನ ಮೇಲೆ ಬರೆದರು. ಚೆಕ್ ಭಾಷೆಯಲ್ಲೂ ‘ಯೆಜ್ಡಿ’ ಎಂದು ಕೇಳಿಸುವ ಪದವೊಂದಿದೆ. ‘ಸವಾರಿ ಮಾಡುತ್ತಾನೆ’ ಎಂದು ಅದರ ಅರ್ಥ. ಆಮೇಲೆ ರೋಡ್‌ಕಿಂಗ್, ಮೊನಾರ್ಕ್ ಮುಂತಾದ ರಾಜಠೀವಿಯ ಹೆಸರುಗಳು ಬಂದವು. 1996ರಲ್ಲಿ ಕಾರ್ಖಾನೆ ಮುಚ್ಚಿದಾಗ ಬೈಕುಗಳ ಮೇಲೆ ಯಾನೆಚೆಕ್ ಹೆಸರಿನ ಅಕ್ಷರಗಳಿರಲಿಲ್ಲ. ಕಂಪನಿಯ ಹೆಸರಿನಲ್ಲಿ ಮಾತ್ರ ಇನ್ನೂ ಇದ್ದವು.